ಗಾಳಿಪಟದ ಹಿಂದೆ ಕಡಲಿಗೆ: ಕೈಟ್ ಸರ್ಫಿಂಗ್ ಕಲಿಯುವ ಮುನ್ನ ಯೋಚಿಸಬೇಕಾದದ್ದು

ಕಳೆದ ತಿಂಗಳ ಒಂದು ಭಾನುವಾರ ಎರಡನೇ ಬಲಿಪೂಜೆ ಮುಗಿದ ಬಳಿಕ ತಾಯಿಯೊಬ್ಬರು ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಮೊಬೈಲ್ ಇತ್ತು. ಅದರಲ್ಲಿದ್ದ ವಿಡಿಯೋವನ್ನು ನಮ್ಮ ಮುಂದೆ ಹಿಡಿದರು. ನೀಲಿ ಕಡಲು, ಬಣ್ಣದ ದೊಡ್ಡ ಗಾಳಿಪಟ, ಅದಕ್ಕೆ ತನ್ನನ್ನು ಕಟ್ಟಿಕೊಂಡು ನೀರಿನ ಮೇಲೆ ಜಾರುತ್ತಾ ಒಮ್ಮೆಲೇ ಆಕಾಶಕ್ಕೆ ನೆಗೆಯುವ ಯುವಕ.

"ಫಾದರ್, ನಮ್ಮ ಮಗ ಇದನ್ನು ಕಲಿಯಲು ಗೆಳೆಯರ ಜೊತೆ ರಾಮೇಶ್ವರಕ್ಕೆ ಹೋಗುತ್ತಾನಂತೆ. ಬೇಡ ಎಂದರೆ ಸಿಟ್ಟು ಮಾಡುತ್ತಾನೆ. ಹೋಗು ಎನ್ನಲು ನಮಗೆ ಧೈರ್ಯ ಸಾಲುವುದಿಲ್ಲ. ಇವರ ಅಪ್ಪ ಇರುವುದು ಗಲ್ಫಿನಲ್ಲಿ. ನೀವೇ ಒಂದು ಮಾತು ಹೇಳಿ" ಎಂದರು.

ನಾವು ಕೂಡಲೇ ಉತ್ತರ ಹೇಳಲಿಲ್ಲ. ಒಂದು ವಾರ ಸಮಯ ಕೇಳಿದೆವು. ಈ ಕ್ರೀಡೆಯನ್ನು ಬಲ್ಲವರನ್ನು ವಿಚಾರಿಸಿದೆವು, ಸಿಕ್ಕಿದ್ದನ್ನು ಓದಿದೆವು. ಆ ತಾಯಿಗೆ ಹೇಳಿದ ಮಾತನ್ನು ಇಂದು ನಮ್ಮ ಓದುಗರೆಲ್ಲರ ಮುಂದಿಡುತ್ತಿದ್ದೇವೆ. ಏಕೆಂದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಕರಾವಳಿಯ ನಮ್ಮ ಅನೇಕ ಮನೆಗಳಿಗೆ ಇಂದಲ್ಲ ನಾಳೆ ಈ ಪ್ರಶ್ನೆ ಬರಲಿದೆ.

ಏನಿದು ಕೈಟ್ ಸರ್ಫಿಂಗ್?

ಕಾಲಿನ ಕೆಳಗೆ ಒಂದು ಹಲಗೆ. ಸೊಂಟಕ್ಕೆ ಹಾರ್ನೆಸ್ ಎಂಬ ಗಟ್ಟಿ ಪಟ್ಟಿ. ಆ ಪಟ್ಟಿಯಿಂದ ಸುಮಾರು 20ರಿಂದ 25 ಮೀಟರ್ ಉದ್ದದ ನಾಲ್ಕೈದು ಹಗ್ಗಗಳು. ಅವುಗಳ ತುದಿಯಲ್ಲಿ ಒಂದು ಕೋಣೆಯ ನೆಲದಷ್ಟು ವಿಸ್ತಾರದ ಗಾಳಿಪಟ. ಕೈಯಲ್ಲಿ ಹಿಡಿದಿರುವ ಬಾರ್ ಎಂಬ ದಂಡವನ್ನು ಎಳೆದರೆ ಪಟಕ್ಕೆ ಶಕ್ತಿ ಹೆಚ್ಚುತ್ತದೆ, ಸಡಿಲಿಸಿದರೆ ಕಡಿಮೆಯಾಗುತ್ತದೆ. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಗಾಳಿಯೇ ಎಲ್ಲ.

ನೀರಿಗೆ ಬಿದ್ದರೂ ಮತ್ತೆ ಮೇಲೇಳುವ, ಗಾಳಿ ತುಂಬಿದ ಕೊಳವೆಗಳ ಪಟಕ್ಕೆ ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದರು. 1990ರ ದಶಕದ ಕೊನೆಗೆ ಇದು ಒಂದು ಕ್ರೀಡೆಯಾಗಿ ಹರಡಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಮಾರ್ಸೆಯ ಸಮುದ್ರದಲ್ಲಿ ಆಸ್ಟ್ರಿಯಾದ ವಾಲೆಂಟಿನ್ ಬೊಂಟುಸ್ ಮತ್ತು ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್ ಚಿನ್ನ ಗೆದ್ದರು. ಪುರುಷರ ವಿಭಾಗದಲ್ಲಿ ಕಂಚು ಗೆದ್ದ ಸಿಂಗಾಪುರದ ಮ್ಯಾಕ್ಸ್ ಮೇಡರ್‌ಗೆ ಆಗ ಬರೇ 17 ವರ್ಷ. ನಮ್ಮ ಹುಡುಗರ ಮೊಬೈಲಿನಲ್ಲಿ ಈ ಕ್ರೀಡೆಯ ಚಿತ್ರಗಳು ಓಡಾಡುತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಭಾರತದಲ್ಲಿ ಇದನ್ನು ಕಲಿಯಲು ಜನ ಹೋಗುವುದು ಹೆಚ್ಚಾಗಿ ರಾಮೇಶ್ವರ, ತೂತುಕುಡಿ ಮತ್ತು ಗೋವೆಯ ಉತ್ತರದ ಕಡಲ ತೀರಗಳಿಗೆ. ತೂತುಕುಡಿಯ ಹೆಸರು ನಮ್ಮವರಿಗೆ ಹೊಸದಲ್ಲ. 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರ್, ಅದೇ ವರ್ಷ ಆ ಮುತ್ತಿನ ಕರಾವಳಿಯ ಮೀನುಗಾರರ ನಡುವೆ ಸೇವೆಗೆ ಹೋದರು. ನಾಲ್ಕೂವರೆ ಶತಮಾನಕ್ಕೂ ಮಿಕ್ಕಿ ಅಲ್ಲಿನ ಕ್ರೈಸ್ತರು ಬದುಕಿದ್ದು ಗಾಳಿಯನ್ನು ಓದುವ ವಿದ್ಯೆಯಿಂದ. ಅದೇ ಗಾಳಿಯನ್ನು ಇಂದು ಮೂರು ದಿನದಲ್ಲಿ ಕಲಿಯುತ್ತೇವೆ ಎಂದು ಹೊರಡುವವರು, ಈ ಅಂತರವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ದುಬೈಯಲ್ಲಿರುವ ನಮ್ಮವರಿಗಂತೂ ಈ ಆಟ ಚೆನ್ನಾಗಿ ಗೊತ್ತು. ಅಲ್ಲಿನ ಒಂದು ಬೀಚಿಗೆ ಈ ಆಟದ ಹೆಸರೇ ಬಂದಿದೆ. ರಜೆಯಲ್ಲಿ ಊರಿಗೆ ಬರುವ ಯುವಕರು ಅಲ್ಲಿ ಕಂಡದ್ದನ್ನು ಇಲ್ಲಿ ಹೇಳುತ್ತಾರೆ, ಇಲ್ಲಿಯೂ ಮಾಡಲು ಹಂಬಲಿಸುತ್ತಾರೆ.

ಅಪಾಯ ಎಲ್ಲಿದೆ?

ಅಪಾಯ ನೀರಿನಲ್ಲಿದೆ ಎಂದು ನಾವು ತಿಳಿಯುತ್ತೇವೆ. ಕೈಟ್ ಸರ್ಫಿಂಗ್‌ನಲ್ಲಿ ಅನೇಕ ಗಂಭೀರ ಅಪಘಾತಗಳು ಆಗುವುದು ದಡದಲ್ಲಿ, ಪಟವನ್ನು ಏರಿಸುವ ಅಥವಾ ಇಳಿಸುವ ಹೊತ್ತಿನಲ್ಲಿ. ನೀರಿಗೆ ಬಿದ್ದವನಿಗೆ ನೀರು ಮೆತ್ತನೆಯ ಹಾಸಿಗೆ. ದಡದಲ್ಲಿ ಬಿದ್ದವನಿಗೆ ಸಿಗುವುದು ಕಲ್ಲು, ಮರ, ಗೋಡೆ, ವಿದ್ಯುತ್ ತಂತಿ.

ಎರಡನೆಯದು, ಗಾಳಿಯ ಲೆಕ್ಕ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ವೇಗದಲ್ಲಿ ಬೀಸುವ ಗಾಳಿ 20 ನಾಟ್‌ಗೆ ಏರಿದರೆ, ಪಟದ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟೇಕೆ, 12 ನಾಟ್‌ನ ಗಾಳಿ 17ಕ್ಕೆ ಏರಿದರೆ ಸಾಕು, ಎಳೆತ ಇಮ್ಮಡಿಯಾಗುತ್ತದೆ. ಕೆನ್ನೆಗೆ ತಾಗುವ ಗಾಳಿಯಲ್ಲಿ ಈ ವ್ಯತ್ಯಾಸ ಹೊಸಬನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅವನ ಕಾಲು ನೆಲದಲ್ಲಿರುವುದಿಲ್ಲ.

ಮೂರನೆಯದು, ಮನುಷ್ಯನ ಸ್ವಭಾವ. ಬೆಚ್ಚಿದವನು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾನೆ, ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಈ ಆಟದಲ್ಲಿ ಬಾರನ್ನು ಎಳೆದುಕೊಂಡಷ್ಟೂ ಪಟದ ಬಲ ಹೆಚ್ಚುತ್ತದೆ. ಉಳಿಯುವ ದಾರಿ ಇರುವುದು ಬಿಟ್ಟುಬಿಡುವುದರಲ್ಲಿ. ಮೊದಲು ಬಾರನ್ನು ಬಿಡಬೇಕು. ಅದಕ್ಕೂ ಬಗ್ಗದಿದ್ದರೆ ಕ್ವಿಕ್ ರಿಲೀಸ್ ಎಂಬ ಕೀಲನ್ನು ತಳ್ಳಿ ಪಟದ ಬಲವನ್ನು ಇಳಿಸಬೇಕು, ಆಗ ಪಟ ಒಂದೇ ಹಗ್ಗದಲ್ಲಿ ಬಾವುಟದಂತೆ ಜೋತು ಬೀಳುತ್ತದೆ. ಅದೂ ಸಾಲದಿದ್ದರೆ ಆ ಕೊನೆಯ ಹಗ್ಗವನ್ನೂ ಕಳಚಿ ಪಟವನ್ನೇ ಬಿಟ್ಟುಬಿಡಬೇಕು. ಈ ಮೂರು ಹೆಜ್ಜೆಗಳು ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸವಾಗಬೇಕು. ಲಕ್ಷಾಂತರ ರೂಪಾಯಿಯ ಪಟ ಹಾಳಾಗುತ್ತದೆಂಬ ಚಿಂತೆಯಲ್ಲಿ ಎರಡು ಕ್ಷಣ ತಡ ಮಾಡಿದವನಿಗೆ ಮೂರನೇ ಕ್ಷಣ ಸಿಗದೇ ಹೋಗಬಹುದು.

ಇದು ನಮ್ಮ ಊಹೆಯಲ್ಲ. ಜರ್ಮನಿಯ ವೈದ್ಯರು 235 ಕೈಟ್ ಸರ್ಫರ್‌ಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ಪ್ರತಿ 1000 ಗಂಟೆಗಳ ಆಟಕ್ಕೆ ಸುಮಾರು 7 ಗಾಯಗಳು. ಆ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ, ಪಟ ಹತೋಟಿ ತಪ್ಪಿದಾಗ ಅದನ್ನು ತನ್ನಿಂದ ಕಳಚಿಕೊಳ್ಳಲಾಗದೆ ಹೋದದ್ದು. ಆ ಬಳಿಕ ಸಲಕರಣೆಗಳು ಬಹಳ ಸುಧಾರಿಸಿವೆ. 2005ರ ಹೊತ್ತಿಗೆ ಬಂದ ಹೊಸ ಮಾದರಿಯ ಪಟಗಳ ಬಲವನ್ನು ಬಾರ್ ಸಡಿಲಿಸಿಯೇ ಬಹುಮಟ್ಟಿಗೆ ಇಳಿಸಬಹುದು. ಆದರೆ ಕಳಚುವ ಕೀಲು ಎಷ್ಟು ಒಳ್ಳೆಯದಾದರೂ ಅದನ್ನು ಒತ್ತಬೇಕಾದ ಕೈ ನಮ್ಮದೇ. ಇನ್ನು, ಅಗ್ಗಕ್ಕೆ ಸಿಕ್ಕಿತೆಂದು ಆ ಹಳೆಯ ಕಾಲದ ಪಟವನ್ನು ಕೊಂಡು, ವಿಡಿಯೋ ನೋಡಿ ತಾನೇ ಕಲಿಯಲು ಹೊರಡುವವನು ಅಪಾಯವನ್ನು ಹಣ ಕೊಟ್ಟು ಮನೆಗೆ ತಂದಂತೆ.

ನಾಲ್ಕನೆಯದು ಹಗ್ಗ. ಬಿಗಿದು ನಿಂತಾಗ ಈ ತೆಳ್ಳಗಿನ ಹಗ್ಗಗಳು ಚೂರಿಯಂತೆ ಕೊಯ್ಯುತ್ತವೆ. ಹಗ್ಗಕ್ಕೆ ಎಂದೂ ಕೈ ಹಾಕಬಾರದು, ಬೆರಳಿಗೆ ಸುತ್ತಿಕೊಳ್ಳಬಾರದು. ದಡದಲ್ಲಿ ಆಡುವ ಮಕ್ಕಳಿಗೂ, ವಾಕಿಂಗ್ ಬರುವ ಹಿರಿಯರಿಗೂ ಈ ಹಗ್ಗ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಇದು ಆಡುವವನೊಬ್ಬನ ಅಪಾಯವಲ್ಲ.

ಗಾಳಿಯ ದಿಕ್ಕು ಎಂಬ ದೊಡ್ಡ ಪಾಠ

ಗಾಳಿ ಎಷ್ಟು ಜೋರಾಗಿದೆ ಎಂದು ಎಲ್ಲರೂ ಕೇಳುತ್ತಾರೆ. ಎತ್ತಲಿಂದ ಎತ್ತ ಬೀಸುತ್ತಿದೆ ಎಂದು ಕೇಳುವವರು ಕಡಿಮೆ. ಬಲ್ಲವರು ಮೊದಲು ನೋಡುವುದು ದಿಕ್ಕನ್ನು.

ಗಾಳಿ ಕಡಲಿನಿಂದ ನೇರವಾಗಿ ದಡಕ್ಕೆ ಬೀಸುತ್ತಿದ್ದರೆ, ಹತೋಟಿ ತಪ್ಪಿದವನನ್ನು ಅದು ದಡದ ಕಲ್ಲು ಮರಗಳ ಮೇಲೆ ಎಸೆಯುತ್ತದೆ. ದಡದಿಂದ ಕಡಲಿಗೆ ಬೀಸುತ್ತಿದ್ದರೆ ಅವನನ್ನು ಆಳಕ್ಕೆ ಒಯ್ಯುತ್ತದೆ, ಮರಳಿ ತರುವುದಿಲ್ಲ. ಕಲಿಯುವವರಿಗೆ ಒಳ್ಳೆಯದು ದಡದ ಉದ್ದಕ್ಕೆ, ತುಸು ದಡದ ಕಡೆಗೆ ವಾಲಿ ಬೀಸುವ ಗಾಳಿ. ವೇಗ ಸುಮಾರು 12ರಿಂದ 18 ನಾಟ್, ಅದೂ ಏರಿಳಿತವಿಲ್ಲದೆ ಒಂದೇ ಸಮನೆ.

ಇಲ್ಲೊಂದು ಮೋಸವಿದೆ. ದಡದಿಂದ ಕಡಲಿಗೆ ಗಾಳಿ ಬೀಸುವಾಗ ದಡದ ಬಳಿ ಅಲೆಗಳೇ ಇರುವುದಿಲ್ಲ. ನೀರು ಕೆರೆಯಂತೆ ಶಾಂತವಾಗಿರುತ್ತದೆ. ಹೊಸಬನಿಗೆ ಅದೇ ಒಳ್ಳೆಯ ಜಾಗ ಎನಿಸುತ್ತದೆ. 300 ಮೀಟರ್ ಆಚೆ ಹೋದ ಮೇಲೆ ಅಲೆ ಏಳುತ್ತದೆ, ಆಗ ದಡ ದೂರವಾಗಿರುತ್ತದೆ. ಹಾಗಾಗಿ ಅಂತಹ ಗಾಳಿಯಲ್ಲಿ, ಎಂಜಿನ್ ಇರುವ ರಕ್ಷಣಾ ದೋಣಿ ನೀರಿನಲ್ಲೇ ಸಿದ್ಧವಿಲ್ಲದಿದ್ದರೆ, ಕಲಿಯುವವರು ನೀರಿಗೆ ಇಳಿಯಲೇಬಾರದು.

ಇದನ್ನು ಓದುವಾಗ ನಮಗೆ ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ನೆನಪಾಯಿತು. ಸಂತ ಪೌಲರನ್ನು ಸೆರೆಯಾಳಾಗಿ ರೋಮಿಗೆ ಒಯ್ಯುತ್ತಿದ್ದ ಹಡಗು ಕ್ರೇತ ದ್ವೀಪದ ಬಂದರಿನಲ್ಲಿತ್ತು. ಋತು ಮೀರಿದೆ, ಮುಂದೆ ಹೋಗುವುದು ಬೇಡ ಎಂದು ಪೌಲರು ಎಚ್ಚರಿಸಿದರು. ಶತಾಧಿಪತಿ ಅವರ ಮಾತಿಗಿಂತ ನಾವಿಕನ ಮತ್ತು ಹಡಗಿನ ಯಜಮಾನನ ಮಾತನ್ನು ನಂಬಿದ. ಅಷ್ಟರಲ್ಲಿ ದಕ್ಷಿಣದಿಂದ ಹಿತವಾದ ಗಾಳಿ ಬೀಸಿತು. ಎಲ್ಲವೂ ನಮ್ಮ ಪರವಾಗಿದೆ ಎಂದುಕೊಂಡು ಲಂಗರು ಎತ್ತಿದರು. ಸ್ವಲ್ಪ ಹೊತ್ತಿನಲ್ಲೇ ಈಶಾನ್ಯದ ಬಿರುಗಾಳಿ ಹಡಗನ್ನು ಹಿಡಿಯಿತು. ಹದಿನಾಲ್ಕು ರಾತ್ರಿಗಳ ಬಳಿಕ 276 ಮಂದಿ ಕೆಲವರು ಈಜಿಕೊಂಡು, ಕೆಲವರು ಹಲಗೆ ಹಿಡಿದುಕೊಂಡು ಮಾಲ್ಟಾ ದ್ವೀಪದ ದಡ ಸೇರಿದರು. ಜೀವ ಉಳಿಯಿತು, ಹಡಗು ಉಳಿಯಲಿಲ್ಲ. ಹಿತವಾದ ಗಾಳಿಯೇ ಅಂದು ಮೋಸ ಮಾಡಿತ್ತು.

ನಮ್ಮ ಕರಾವಳಿ ಇದಕ್ಕೆ ತಕ್ಕ ಜಾಗವೇ?

ಕಡಲ ಕ್ರೀಡೆಗಳು ನಮ್ಮ ಕರಾವಳಿಗೆ ಈಗಾಗಲೇ ಬಂದಿವೆ. ಮೂಲ್ಕಿಯಲ್ಲಿ ಎರಡು ದಶಕಗಳಿಂದ ಅಲೆಯ ಮೇಲಿನ ಸರ್ಫಿಂಗ್ ಕಲಿಸಲಾಗುತ್ತಿದೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ರಾಷ್ಟ್ರ ಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು, ಮುಂದಿನ ವರ್ಷಗಳಲ್ಲೂ ನಡೆದಿದೆ. 2020ರಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಪ್ರವಾಸೋದ್ಯಮದಿಂದ ನಮ್ಮ ಊರಿನ ಯುವಜನರಿಗೆ ಕೆಲಸ ಸಿಗುವುದಾದರೆ ಅದು ಸಂತೋಷದ ವಿಷಯವೇ.

ಆದರೆ ಹಲಗೆ ಹಿಡಿದು ಅಲೆಯ ಮೇಲೆ ಜಾರುವುದು ಬೇರೆ, ಗಾಳಿಪಟಕ್ಕೆ ದೇಹವನ್ನು ಕಟ್ಟಿಕೊಳ್ಳುವುದು ಬೇರೆ. ನಮ್ಮಲ್ಲಿ ಜನವರಿಯಿಂದ ಮೇ ತನಕ ಮಧ್ಯಾಹ್ನದ ಬಳಿಕ ಬೀಸುವುದು ಪಡುವಣ, ವಾಯವ್ಯದ ಕಡಲ ಗಾಳಿ. ಅದು ಹೊಸಬನನ್ನು ದಡದ ಕಡೆಗೇ ದೂಡುತ್ತದೆ. ನಮ್ಮ ದಡದಲ್ಲಿ ಏನಿದೆ? ಕಡಲ್ಕೊರೆತ ತಡೆಯಲು ಸುರಿದ ಕಪ್ಪು ಬಂಡೆಗಳ ತಡೆಗೋಡೆ, ಅದರ ಹಿಂದೆಯೇ ಗಾಳಿಮರ, ತೆಂಗಿನ ಮರ, ಮನೆ, ವಿದ್ಯುತ್ ಕಂಬ. ಬೆಳಗ್ಗೆ ಬೀಸುವ ಮೂಡಣ ಗಾಳಿಯೋ ಕಡಲಿಗೆ ಒಯ್ಯುವ ಗಾಳಿ. ಅಳಿವೆಗಳ ಬಳಿ ಸೆಳೆತ. ಮೀನುಗಾರರ ಬಲೆ, ದೋಣಿ, ಹಗ್ಗ. ಎಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಹೊತ್ತಿಗೆ ದಿಢೀರನೆ ಏಳುವ ಗುಡುಗು ಮಳೆ. ಅಂತಹ ಮೋಡದ ಮುಂದೆ ಓಡಿ ಬರುವ ಗಾಳಿ ಕೆಲವೇ ನಿಮಿಷಗಳಲ್ಲಿ ಎರಡು ಮೂರು ಪಟ್ಟು ಹೆಚ್ಚಬಹುದು. ಜೂನ್ ಬಂದರೆ ಮಾತೇ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ಜೂನ್ ಮತ್ತು ಜುಲೈ ಸೇರಿ 61 ದಿನಗಳ ನಿಷೇಧವಿದೆ. ನಿಷೇಧದ ಮುಖ್ಯ ಉದ್ದೇಶ ಮೀನಿನ ಸಂತತಿಯ ರಕ್ಷಣೆ ಇರಬಹುದು, ಆದರೆ ಆ ಕಡಲನ್ನು ಕಂಡವರಿಗೆ ಬೇರೆ ಕಾರಣ ಹೇಳಬೇಕಾಗಿಲ್ಲ.

ಆದುದರಿಂದ ಮೊದಲ ಪಾಠಕ್ಕೆ ನಮ್ಮ ತೆರೆದ ಕಡಲು ತಕ್ಕದ್ದಲ್ಲ ಎಂಬುದೇ ನಮ್ಮ ಅಭಿಪ್ರಾಯ. ಸೊಂಟದ ಮಟ್ಟದ ನೀರು, ಮರಳಿನ ತಳ, ಗಾಳಿಯ ಮುಂದೆ ವಿಶಾಲವಾದ ಖಾಲಿ ಜಾಗ ಇರುವ ಕಡೆ, ತರಬೇತಿ ಪಡೆದ ಗುರುವಿನಿಂದಲೇ ಕಲಿಯಬೇಕು. ರಾಮೇಶ್ವರದ ಆಳವಿಲ್ಲದ ನೀರಿಗೆ ಜನ ಹೋಗುವುದು ಅದಕ್ಕೇ.

ಕಲಿಯಲೇಬೇಕೆಂದು ಹೊರಟವರಿಗೆ

ನಮ್ಮ ಯುವಜನರಿಗೆ ಬೇಡ ಎಂದಷ್ಟೇ ಹೇಳಿದರೆ ಅವರು ಹೇಳದೆ ಹೋಗುತ್ತಾರೆ. ಆದುದರಿಂದ ಬಲ್ಲವರಿಂದ ತಿಳಿದುಕೊಂಡ ಕೆಲವು ನಿಯಮಗಳನ್ನು ಇಲ್ಲಿ ಕೊಡುತ್ತಿದ್ದೇವೆ.

1. ಮೊದಲು ಈಜು. ಹಲಗೆಯೂ ಪಟವೂ ಕೈಬಿಟ್ಟಾಗ ಉಳಿಯುವುದು ಅದೊಂದೇ. ಈಜುಕೊಳದಲ್ಲಿ ಈಜಿದರೆ ಸಾಲದು, ಕಾಲಿಗೆ ನೆಲ ಸಿಗದ ನೀರಿನಲ್ಲಿ ಗಾಬರಿಯಾಗದೆ ಇರಲು ಬರಬೇಕು.

2. ಹೆಲ್ಮೆಟ್ ಮತ್ತು ತೇಲುವ ಜಾಕೆಟ್ ಇಲ್ಲದೆ ಪಾಠವಿಲ್ಲ. ಹಗ್ಗ ಸಿಕ್ಕಿಕೊಂಡರೆ ಕೊಯ್ಯಲು ಕೊಕ್ಕೆಯಾಕಾರದ ಸಣ್ಣ ಚೂರಿ ಹಾರ್ನೆಸ್‌ನಲ್ಲೇ ಇರಬೇಕು.

3. ಹೊಸಬರು ಹಲಗೆಯನ್ನು ಹಗ್ಗದಿಂದ ಕಾಲಿಗೆ ಕಟ್ಟಿಕೊಳ್ಳಬಾರದು. ಪಟ ಎಳೆಯುವಾಗ ಹಲಗೆ ರಬ್ಬರಿನಂತೆ ಹಿಂದಿನಿಂದ ಚಿಮ್ಮಿ ತಲೆಗೆ ಬಡಿಯುತ್ತದೆ. ಪಟದ ಸಹಾಯದಿಂದ ನೀರಿನಲ್ಲಿ ಮೈಯನ್ನು ಎಳೆಸಿಕೊಂಡು ಹೋಗಿ ಹಲಗೆಯನ್ನು ಹಿಡಿಯುವ ವಿದ್ಯೆಯನ್ನು ಮೊದಲು ಕಲಿಸುತ್ತಾರೆ.

4. ಒಬ್ಬನೇ ಪಟ ಏರಿಸಬಾರದು, ಒಬ್ಬನೇ ಇಳಿಸಬಾರದು. ಸಹಾಯಕ್ಕೆ ನಿಲ್ಲುವವನಿಗೂ ಈ ವಿದ್ಯೆ ಗೊತ್ತಿರಬೇಕು. ಹೆಬ್ಬೆರಳು ಎತ್ತಿದರೆ ಬಿಡು ಎಂದು, ಕೈಯಿಂದ ತಲೆ ತಟ್ಟಿಕೊಂಡರೆ ಇಳಿಸಲು ಸಹಾಯ ಬೇಕು ಎಂದು ಅರ್ಥ. ಪ್ರತಿ ಸಲವೂ ಹಗ್ಗಗಳು ಸರಿಯಾಗಿ ಜೋಡಿಸಿವೆಯೇ ಎಂದು ಕೊನೆಯಿಂದ ಕೊನೆಗೆ ನೋಡಬೇಕು. ಒಂದು ಹಗ್ಗ ತಪ್ಪಾಗಿ ಕಟ್ಟಿದರೂ ಪಟ ಹಿಡಿತಕ್ಕೆ ಸಿಗುವುದಿಲ್ಲ.

5. ಗಾಳಿ ಹೋಗುವ ಕಡೆಗೆ ಕನಿಷ್ಠ ಎರಡು ಹಗ್ಗದಷ್ಟು ದೂರ, ಅಂದರೆ 50 ಮೀಟರಿಗೂ ಹೆಚ್ಚು ಜಾಗ ಖಾಲಿ ಇರಬೇಕು. ಹೆಚ್ಚಿದ್ದಷ್ಟೂ ಒಳ್ಳೆಯದು.

6. ದಡದಲ್ಲಿ ನಿಂತಾಗ ಪಟವನ್ನು ನೆತ್ತಿಯ ಮೇಲೆ ಹಿಡಿದು ಹರಟಬಾರದು. ಅಲ್ಲಿ ಬಂದ ಒಂದು ಬೀಸುಗಾಳಿ ಮನುಷ್ಯನನ್ನು ನೇರವಾಗಿ ಮೇಲಕ್ಕೆ ಎತ್ತುತ್ತದೆ. ಕಡಲಿನ ಕಡೆ ತಗ್ಗಿನಲ್ಲಿ ಹಿಡಿದು, ಬೇಗನೆ ನೀರಿಗೆ ಇಳಿಯಬೇಕು.

7. ಕಪ್ಪು ಮೋಡ ಕಂಡರೆ, ಗಾಳಿ ಇದ್ದಕ್ಕಿದ್ದಂತೆ ನಿಂತರೆ ಅಥವಾ ತಣ್ಣಗಾದರೆ, ಆಟ ನಿಲ್ಲಿಸಬೇಕು. ಮಳೆ ಬಂದ ಮೇಲೆ ನೋಡೋಣ ಎನ್ನಬಾರದು.

8. ಪಟ ಬಿದ್ದು ಮೇಲೇಳದಿದ್ದರೆ, ಹಗ್ಗವನ್ನು ಬಾರಿಗೆ ಸುತ್ತಿ, ಪಟವನ್ನೇ ತೆಪ್ಪವಾಗಿ ಹಿಡಿದು ದಡಕ್ಕೆ ಬರುವ ವಿದ್ಯೆಯಿದೆ. ಇದನ್ನು ಕಲಿಯದವನು ಆಳ ನೀರಿಗೆ ಹೋಗಬಾರದು.

9. ಕುಡಿದು ಕಡಲಿಗೆ ಇಳಿಯಬಾರದು. ಇದನ್ನು ಬರೆಯಬೇಕಾಗಿ ಬಂದದ್ದೇ ಬೇಸರದ ವಿಷಯ, ಆದರೂ ಬರೆಯುತ್ತಿದ್ದೇವೆ.

ತರಬೇತಿ ಶಾಲೆಯನ್ನು ಆರಿಸುವಾಗ ಶುಲ್ಕವನ್ನಷ್ಟೇ ವಿಚಾರಿಸಬೇಡಿ. ಗುರುವಿಗೆ ಅಂತರರಾಷ್ಟ್ರೀಯ ಮಾನ್ಯತೆಯ ಪ್ರಮಾಣಪತ್ರ ಇದೆಯೇ? ಒಬ್ಬ ಗುರುವಿಗೆ ಎಷ್ಟು ಮಂದಿ ಕಲಿಯುವವರು? ಎರಡಕ್ಕಿಂತ ಹೆಚ್ಚಾದರೆ ಯೋಚಿಸಿ. ರಕ್ಷಣಾ ದೋಣಿ ಇದೆಯೇ, ಅದರಲ್ಲಿ ಇಂಧನ ಇದೆಯೇ? ಗಾಳಿ ಸರಿಯಿಲ್ಲದ ದಿನ ಪಾಠ ರದ್ದಾದರೆ ಹಣ ಏನಾಗುತ್ತದೆ? ಈ ಕೊನೆಯ ಪ್ರಶ್ನೆ ಮುಖ್ಯ. ಹಣ ಹೋಗುತ್ತದೆಂಬ ಭಯದಲ್ಲಿ ಕೆಟ್ಟ ಗಾಳಿಯಲ್ಲೂ ನೀರಿಗೆ ಇಳಿಯುವವರಿದ್ದಾರೆ, ಇಳಿಸುವವರೂ ಇದ್ದಾರೆ. ವಿಮೆ ಇದೆ ಎಂದು ನೆಚ್ಚಿಕೊಂಡವರು ಅದರ ಷರತ್ತುಗಳನ್ನು ಓದಬೇಕು. ಅನೇಕ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ಪರಿಹಾರವಿಲ್ಲ.

ಇದು ಅತಿಯಾದ ಎಚ್ಚರಿಕೆ ಎಂದು ಯಾರಿಗಾದರೂ ಅನಿಸಿದರೆ, ಹಿಂದಿನ ಕೆಲವು ವರ್ಷಗಳನ್ನು ನೆನೆಯಲಿ. 2022ರ ಎಪ್ರಿಲ್‌ನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ತೀರಿಕೊಂಡರು. 2025ರ ಜನವರಿಯಲ್ಲಿ ಗೋವೆಯ ಕೇರಿಯಲ್ಲಿ ಪ್ಯಾರಾಗ್ಲೈಡಿಂಗ್ ಮಾಡಲು ಹೋದ ಯುವತಿಯೂ ಅವಳನ್ನು ಹಾರಿಸುತ್ತಿದ್ದವನೂ ಸತ್ತರು. ಇವು ಯಾವುವೂ ಕೈಟ್ ಸರ್ಫಿಂಗ್ ಅಲ್ಲ. ಆದರೆ ಕಡಲು ಮತ್ತು ಗಾಳಿ ಅವೇ.

ಪಳಗಿದವರಿಗೂ ರಿಯಾಯಿತಿ ಇಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನ ಇದೇ ಕೈಟ್ ಸ್ಪರ್ಧೆಗೆ ಆಯ್ಕೆಯಾಗಿದ್ದ ಟೊಂಗಾ ದೇಶದ 18 ವರ್ಷದ ಜಾಕ್ಸನ್ ರೈಸ್, ಕ್ರೀಡಾಕೂಟಕ್ಕೆ ಮುಂಚೆ 2024ರ ಜೂನ್‌ನಲ್ಲಿ ನೀರಿನಲ್ಲಿ ಮುಳುಗು ಹಾಕುವಾಗ ಜೀವ ಕಳೆದುಕೊಂಡ. ಗಾಳಿಯನ್ನು ಗೆದ್ದವನನ್ನೂ ನೀರು ಒಂದು ಬೇರೆ ದಿನ, ಬೇರೆ ದಾರಿಯಲ್ಲಿ ಕರೆದೊಯ್ಯಿತು.

ಧರ್ಮಸಭೆ ಕ್ರೀಡೆಯ ವಿರೋಧಿಯೇ?

ಖಂಡಿತ ಅಲ್ಲ. ಸಂತ ಎರಡನೇ ಜಾನ್ ಪೌಲರು ಜಗದ್ಗುರುಗಳಾದ ಬಳಿಕವೂ ಹಿಮದ ಮೇಲೆ ಸ್ಕೀಯಿಂಗ್ ಮಾಡಿದವರು. 2018ರ ಜೂನ್‌ನಲ್ಲಿ ವ್ಯಾಟಿಕನ್ ಕ್ರೀಡೆಯ ಬಗ್ಗೆಯೇ ಒಂದು ದಸ್ತಾವೇಜನ್ನು ಹೊರಡಿಸಿತು. ಶ್ರಮ, ಶಿಸ್ತು, ಗೆಳೆತನ, ಸೋಲನ್ನು ಸ್ವೀಕರಿಸುವ ಗುಣ, ಇವೆಲ್ಲ ಕ್ರೀಡೆಯಿಂದ ಬರುತ್ತವೆ ಎಂದು ಧರ್ಮಸಭೆ ಒಪ್ಪುತ್ತದೆ.

ಆದರೆ ಧರ್ಮಸಭೆ ಇನ್ನೊಂದು ಮಾತನ್ನೂ ಹೇಳುತ್ತದೆ. ಜೀವ ಮತ್ತು ಆರೋಗ್ಯ ದೇವರು ನಮ್ಮ ಕೈಗೆ ಒಪ್ಪಿಸಿದ ಕೊಡುಗೆ. ಕಥೋಲಿಕ ಧರ್ಮೋಪದೇಶದ 2290ನೇ ಪರಿಚ್ಛೇದ ಇನ್ನೂ ನೇರವಾಗಿದೆ. ಕುಡಿತದಿಂದ ಅಥವಾ ವೇಗದ ಮೋಹದಿಂದ ರಸ್ತೆಯಲ್ಲಾಗಲಿ, ಕಡಲಲ್ಲಾಗಲಿ, ಆಕಾಶದಲ್ಲಾಗಲಿ ತನ್ನ ಮತ್ತು ಪರರ ಸುರಕ್ಷೆಗೆ ಕುತ್ತು ತರುವವರು ಗಂಭೀರವಾದ ತಪ್ಪಿಗೆ ಗುರಿಯಾಗುತ್ತಾರೆ ಎಂಬುದು ಅದರ ಸಾರಾಂಶ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವುದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡವರನ್ನು ನಾವು ಕಂಡದ್ದು ಕಡಿಮೆ. ಕಡಲಿನ ವಿಷಯದಲ್ಲಂತೂ ಕಂಡದ್ದೇ ಇಲ್ಲ.

ದೇವರು ಕಾಪಾಡುತ್ತಾನೆ ಎಂದು ಶಿಲುಬೆಯ ಗುರುತು ಹಾಕಿ ನೀರಿಗೆ ಹಾರುವವರು ನಮ್ಮಲ್ಲಿದ್ದಾರೆ. ದೇವಾಲಯದ ಶಿಖರದಿಂದ ಧುಮುಕು, ದೂತರು ನಿನ್ನನ್ನು ಎತ್ತಿಕೊಳ್ಳುತ್ತಾರೆ ಎಂದು ಸೈತಾನನು ಹೇಳಿದಾಗ ಯೇಸುಸ್ವಾಮಿ ಧುಮುಕಲಿಲ್ಲ ಎಂಬುದನ್ನು ಅವರು ಮರೆಯಬಾರದು. ಪ್ರಾರ್ಥನೆ ಹೆಲ್ಮೆಟ್ಟಿನ ಬದಲಿಗೆ ಅಲ್ಲ, ಹೆಲ್ಮೆಟ್ ಹಾಕಿಕೊಂಡ ಬಳಿಕ.

ಇನ್ನೊಂದು ನ್ಯಾಯದ ಪ್ರಶ್ನೆಯೂ ಇದೆ. ಕಡಲಿನಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಮೊದಲು ಓಡಿ ಬರುವವರು ಯಾರು? ಮೀನುಗಾರರು. 2018ರ ಆಗಸ್ಟ್‌ನಲ್ಲಿ ಕೇರಳದ ನೆರೆಯಲ್ಲಿ ತಮ್ಮ ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಬಂದು ಸಾವಿರಾರು ಜನರನ್ನು ಉಳಿಸಿದವರು ಅವರೇ, ಅವರಲ್ಲಿ ಅನೇಕರು ನಮ್ಮ ಕಥೋಲಿಕ ಬಾಂಧವರು. ಮೋಜಿಗೆ ಹೋದವನನ್ನು ಉಳಿಸಲು, ಹೊಟ್ಟೆಪಾಡಿಗೆ ಕಡಲಿಗಿಳಿದವನು ತನ್ನ ಬಲೆ ಬಿಟ್ಟು, ಜೀವ ಪಣಕ್ಕಿಟ್ಟು ಬರುತ್ತಾನೆ. ನಮ್ಮ ಸಾಹಸದ ಬೆಲೆಯನ್ನು ಕೆಲವೊಮ್ಮೆ ಕೊಡುವವನು ಬೇರೊಬ್ಬ. ಆಡಲು ಹೋಗುವ ಮೊದಲು ಸ್ಥಳೀಯ ಮೀನುಗಾರರನ್ನು ವಿಚಾರಿಸುವುದು, ಅವರ ಬಲೆಯಿಂದ ದೂರ ಇರುವುದು, ಅವರು ಇಂದು ಬೇಡ ಎಂದರೆ ಆ ಮಾತಿಗೆ ಬೆಲೆ ಕೊಡುವುದು, ಇವು ಮರ್ಯಾದೆಯಷ್ಟೇ ಅಲ್ಲ, ಜೀವ ಉಳಿಸುವ ಬುದ್ಧಿಯೂ ಹೌದು.

ನಮ್ಮ ಧರ್ಮಕೇಂದ್ರಗಳು ಏನು ಮಾಡಬಹುದು?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷದಿಂದ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುವಿಕೆ ತಡೆ ದಿನವಾಗಿ ಆಚರಿಸುತ್ತಿದೆ. ಅದು ನಮ್ಮ ಪಂಚಾಂಗದಲ್ಲಿ ಪ್ರೇಷಿತ ಸಂತ ಯಕೋಬರ ಹಬ್ಬ. ಬಲೆ ಬಿಟ್ಟು ಯೇಸುವನ್ನು ಹಿಂಬಾಲಿಸಿದ ಮೀನುಗಾರ ಅವರು. ಜುಲೈ ತಿಂಗಳ ಎರಡನೇ ಭಾನುವಾರ ಧರ್ಮಸಭೆ ಕಡಲ ಭಾನುವಾರವನ್ನು ಆಚರಿಸುತ್ತದೆ. ಈ ಎರಡು ದಿನಗಳ ನಡುವಿನ ವಾರಗಳನ್ನು ನಮ್ಮ ಕರಾವಳಿಯ ಧರ್ಮಕೇಂದ್ರಗಳು ಜಲಸುರಕ್ಷೆಗೆ ಮೀಸಲಿಡಬಾರದೇಕೆ?

ದೊಡ್ಡ ಖರ್ಚಿನ ಕೆಲಸವೇನಲ್ಲ. ಯುವ ಸಂಘಟನೆಯವರು ಬೇಸಿಗೆ ಶಿಬಿರದಲ್ಲಿ ಈಜನ್ನು ಸೇರಿಸಬಹುದು. ಕ್ರೈಸ್ತ ಶಿಕ್ಷಣದ ಮಕ್ಕಳನ್ನು, ಗಾಯನ ಮಂಡಳಿಯವರನ್ನು, ವೇದಿ ಸೇವಕರನ್ನು ಪಿಕ್‌ನಿಕ್ಕಿಗೆ ಬೀಚಿಗೆ ಕರೆದೊಯ್ಯುವವರು ಜೀವರಕ್ಷಕರು ಇರುವ ಬೀಚನ್ನೇ ಆರಿಸಬಹುದು, ಕೆಂಪು ಬಾವುಟ ಕಂಡರೆ ಮರಳಿನಲ್ಲೇ ಆಡಿಸಬಹುದು, ನೀರಿಗಿಳಿದ ಮಕ್ಕಳನ್ನು ಎಣಿಸಲು ಇಬ್ಬರನ್ನು ದಡದಲ್ಲೇ ನಿಲ್ಲಿಸಬಹುದು. ವಾರ್ಡಿನ ಗುರಿಕಾರರ ಸಭೆಯಲ್ಲಿ ವೈದ್ಯರನ್ನೋ ದಾದಿಯರನ್ನೋ ಕರೆದು, ಮುಳುಗಿದವರಿಗೆ ಬಾಯಿಯಿಂದ ಉಸಿರು ಕೊಡುವ, ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕಲಿಸಬಹುದು. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿಯುವುದು ತಪ್ಪು ಎಂಬುದನ್ನಾದರೂ ನಮ್ಮ ಜನ ತಿಳಿಯಬೇಕು. ತುರ್ತಿಗೆ 112, ಕಡಲಿನ ರಕ್ಷಣೆಗೆ ಕರಾವಳಿ ಕಾವಲು ಪಡೆಯ 1554, ಈ ಎರಡು ಸಂಖ್ಯೆಗಳನ್ನು ಚರ್ಚಿನ ಸೂಚನಾ ಫಲಕದಲ್ಲಿ ಬರೆದಿಡುವುದಕ್ಕೆ ಒಂದು ಸೀಮೆಸುಣ್ಣದ ತುಂಡು ಸಾಕು.

ಆ ತಾಯಿಗೆ ನಾವು ಹೇಳಿದ್ದು

ಒಂದು ವಾರದ ಬಳಿಕ ಆ ತಾಯಿ ಮಗನನ್ನೂ ಕರೆದುಕೊಂಡು ಬಂದರು. ಒಳ್ಳೆಯ ಹುಡುಗ. ಗಾಳಿಪಟದ ವಿಷಯ ಮಾತಾಡುವಾಗ ಕಣ್ಣು ಹೊಳೆಯುತ್ತಿತ್ತು. ಬೇಡ ಎಂದು ನಾವು ಹೇಳಲಿಲ್ಲ. ಮೇಲೆ ಬರೆದದ್ದನ್ನೆಲ್ಲ ವಿವರಿಸಿದೆವು. ಅವನು ಅನೇಕ ವಿಷಯಗಳನ್ನು ನಮಗಿಂತ ಚೆನ್ನಾಗಿ ತಿಳಿದಿದ್ದ. ಕೊನೆಗೆ ಕೇಳಿದೆವು, "ನಿನಗೆ ಈಜಲು ಬರುತ್ತದೆಯೇ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, "ಸ್ವಲ್ಪ ಬರುತ್ತದೆ ಫಾದರ್" ಎಂದ.

ತಾಯಿ ಅವನ ಮುಖ ನೋಡಿದರು. ಕಡಲಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ಹುಟ್ಟಿ ಬೆಳೆದ ಹುಡುಗ. ದಿನವೂ ಕಡಲಿನ ಸದ್ದು ಕೇಳಿ ಮಲಗುವ ಹುಡುಗ. ಅವನಿಗೆ ಈಜು ಕಲಿಸಬೇಕೆಂದು ಮನೆಯವರಿಗೂ ಹೊಳೆದಿರಲಿಲ್ಲ, ಶಾಲೆಗೂ ಹೊಳೆದಿರಲಿಲ್ಲ, ನಿಜ ಹೇಳಬೇಕೆಂದರೆ ಚರ್ಚಿನಲ್ಲಿರುವ ನಮಗೂ ಹೊಳೆದಿರಲಿಲ್ಲ. ತಪ್ಪು ಅವನೊಬ್ಬನದಲ್ಲ.

ರಾಮೇಶ್ವರದ ಪ್ರಯಾಣವನ್ನು ಅವನು ಮುಂದೂಡಿದ್ದಾನೆ, ಕೈಬಿಟ್ಟಿಲ್ಲ. ಈಗ ಬೆಳಗ್ಗೆ ಈಜುಕೊಳಕ್ಕೆ ಹೋಗುತ್ತಿದ್ದಾನೆ, ಜೊತೆಗೆ ಆ ಗೆಳೆಯರಲ್ಲಿ ಇಬ್ಬರೂ ಹೋಗುತ್ತಿದ್ದಾರಂತೆ. ಈಜು ಬಂದ ಮೇಲೆ ಅವನು ಹೋಗಲಿ, ಕಲಿಯಲಿ, ಹಾರಲಿ. ಹೊರಡುವ ಮುನ್ನ ನಮ್ಮನ್ನು ಕಂಡು ಆಶೀರ್ವಾದ ಪಡೆಯಲಿ ಎಂದಿದ್ದೇವೆ. ಅವನಿಗೆ ನಾವು ಕೊಟ್ಟ ಕೊನೆಯ ಬುದ್ಧಿಮಾತು ಇಷ್ಟೇ: ದಡದಲ್ಲಿ ನಿಂತು, ಗಾಳಿಯನ್ನು ನೋಡಿ, ಇಂದು ಸರಿಯಿಲ್ಲ ಎಂದು ಪಟ ಮಡಚಿ ಕೋಣೆಗೆ ಮರಳುವ ಧೈರ್ಯ ಬಂದ ದಿನ, ನೀನು ಈ ಆಟ ಕಲಿತೆ ಎಂದು ತಿಳಿ.

ನಮ್ಮ ಧರ್ಮಪ್ರಾಂತ್ಯದ ಪ್ರತಿ ತಂದೆ ತಾಯಿಯೂ ಈ ವಾರ ಊಟಕ್ಕೆ ಕುಳಿತಾಗ ತಮ್ಮ ಮಕ್ಕಳನ್ನು ಆ ಒಂದು ಪ್ರಶ್ನೆ ಕೇಳಲಿ ಎಂಬುದು ನಮ್ಮ ವಿನಂತಿ. "ಸ್ವಲ್ಪ ಬರುತ್ತದೆ" ಎಂಬ ಉತ್ತರ ಬಂದರೆ, ಅದನ್ನು ಬರುವುದಿಲ್ಲ ಎಂದೇ ತಿಳಿಯಿರಿ.